ಭೂಮಿ ಬಿಸಿಯಾಗಿರುವುದು ಮನುಷ್ಯನಿಂದಲೇ ಎನ್ನಲು ಸಾಕ್ಷಿ ಏನು? ಸೂರ್ಯನಿಂದ ಏಕಲ್ಲ?

ಹೈಸ್ಕೂಲ್ ಮೇಷ್ಟ್ರು, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ಮಕ್ಕಳಿಗೆ ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಹೇಳಬೇಕಾಗಿದೆ. ಹಸಿರುಮನೆ ಅನಿಲ, ಕರಗುವ ಹಿಮ, ಗಿಡ ನೆಡಿ ಎಂಬ ಮೂರು ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಬರೆದು, ಅಂಕವನ್ನೂ ತೆಗೆಯುತ್ತಾರೆ. ಆದರೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, 'ಸರ್, ಬಿಸಿಲು ಹೆಚ್ಚಾದರೆ ಅದು ಸೂರ್ಯನ ಕೆಲಸ, ನಾವೇನು ಮಾಡಿದೆವು?' ಎಂದು ಕೇಳಿದರೆ, 'ವಿಜ್ಞಾನಿಗಳು ಹಾಗೆ ಹೇಳಿದ್ದಾರೆ' ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಭೂಮಿ ಬಿಸಿಯಾಗಿದೆ ಎಂಬುದಕ್ಕೆ ಸಾಕ್ಷಿ ಕೇಳುತ್ತಿಲ್ಲ. ಅದು ಮನುಷ್ಯನಿಂದಲೇ ಆಯಿತು ಎಂಬುದಕ್ಕೆ ಕೇಳುತ್ತಿದ್ದೇನೆ. ತಿಳಿದವರು ಬರೆಯಿರಿ. ಘೋಷಣೆಗಳು ಬೇಡ.

ನಿವೃತ್ತ ಎಂಜಿನಿಯರ್, ಮೈಸೂರು

ಕೇಳಬೇಕಾದ ಪ್ರಶ್ನೆ, ಮೇಷ್ಟ್ರೇ. ನನ್ನ ತಕರಾರುಗಳನ್ನೂ ಇದರ ಜೊತೆಗೇ ಇಡುತ್ತೇನೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ 0.04ರಷ್ಟು. ಹತ್ತು ಸಾವಿರ ಅಣುಗಳಲ್ಲಿ ನಾಲ್ಕು! ಅಷ್ಟರಿಂದ ಭೂಮಂಡಲ ಕಾಯುತ್ತದೆ ಎಂದರೆ ನಂಬುವುದು ಹೇಗೆ? ಹಿಮಯುಗಗಳು ಬಂದು ಹೋಗಿವೆ, ಆಗ ಕಾರ್ಖಾನೆಗಳಿರಲಿಲ್ಲ. ನಮ್ಮ ನಾಡಿನ ಮಾತೇ ಆಗಲಿ, 1791ರ ಡೋಗಿ ಬರಕ್ಕೆ, 1876ರ ಧಾತು ಸಂವತ್ಸರದ ಬರಕ್ಕೆ ಯಾವ ಕಾರಿನ ಹೊಗೆ ಕಾರಣ? ಇನ್ನು ಉಷ್ಣಮಾಪಕಗಳ ಕಥೆ. ನಾನು ಓದುವ ಕಾಲಕ್ಕೆ ಬೆಂಗಳೂರಿನಲ್ಲಿ ಮನೆಗಳಿಗೆ ಫ್ಯಾನ್ ಬೇಕಿರಲಿಲ್ಲ. ಈಗ ಕೆರೆಗಳ ಮೇಲೆ ಬಡಾವಣೆ ಎದ್ದಿದೆ, ಮಾಪಕದ ಸುತ್ತ ಕಾಂಕ್ರೀಟ್ ಇದೆ. ಅದು ಅಳೆಯುತ್ತಿರುವುದು ಭೂಮಿಯ ಬಿಸಿಯನ್ನೋ, ಊರಿನ ಬಿಸಿಯನ್ನೋ?

ಪುಣೆಯ ಸಂಶೋಧನಾ ವಿದ್ಯಾರ್ಥಿನಿ

ಸರ್, ಮೊದಲ ತಕರಾರಿಗೆ ಉತ್ತರ ಸಿಕ್ಕಿ ನೂರೈವತ್ತು ವರ್ಷ ದಾಟಿದೆ, ಅದರಿಂದಲೇ ಶುರು ಮಾಡುತ್ತೇನೆ. ಒಣಗಾಳಿಯ ಶೇ 99 ಭಾಗ ಸಾರಜನಕ ಮತ್ತು ಆಮ್ಲಜನಕ. ಕಾದ ನೆಲ ಹೊರಸೂಸುವ ಅವಕೆಂಪು ಕಿರಣಗಳ, ಅಂದರೆ ಕಣ್ಣಿಗೆ ಕಾಣದ ಶಾಖಕಿರಣಗಳ ಮಟ್ಟಿಗೆ ಇವೆರಡೂ ಇದ್ದೂ ಇಲ್ಲದಂತೆ, ಕಿರಣ ನೇರ ಹಾದುಹೋಗುತ್ತದೆ. ಆದ್ದರಿಂದ ಹತ್ತು ಸಾವಿರದಲ್ಲಿ ನಾಲ್ಕು ಎಂಬ ಲೆಕ್ಕವೇ ದಾರಿ ತಪ್ಪಿಸುತ್ತದೆ. ಶಾಖವನ್ನು ತಡೆಯುವ ಅಣುಗಳು ಎಷ್ಟಿವೆ, ಅವು ಎಷ್ಟು ಹೆಚ್ಚಿದವು ಎಂಬುದನ್ನು ನೋಡಬೇಕು. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇದ್ದದ್ದು ಹೆಚ್ಚು ಕಾದದ್ದನ್ನು ಕಂಡರು. 1859ರಲ್ಲಿ ಜಾನ್ ಟಿಂಡಾಲ್ ಶಾಖಕಿರಣಗಳನ್ನೇ ಹಾಯಿಸಿ, ಯಾವ ಅನಿಲ ಎಷ್ಟು ಹೀರುತ್ತದೆ ಎಂದು ಅಳೆದರು. ಈ ಚೂರುಪಾರು ಅನಿಲಗಳೂ ನೀರಾವಿಯೂ ಇಲ್ಲದಿದ್ದರೆ ಭೂಮಿಯ ಸರಾಸರಿ ತಾಪಮಾನ ಈಗಿನ 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು.

ಇದು ಪ್ರಯೋಗಾಲಯದ ಮಾತಾಯಿತು. ಆಕಾಶದಲ್ಲೂ ಹಾಗೆಯೇ ನಡೆಯುತ್ತಿದೆಯೇ ಎಂದು ನೋಡಲು ಉಪಗ್ರಹಗಳಿವೆ. 1970ರಲ್ಲಿ ಒಂದು ಉಪಗ್ರಹ ಭೂಮಿಯಿಂದ ಹೊರಹೋಗುವ ಅವಕೆಂಪು ಕಿರಣಗಳನ್ನು ಬಿಡಿಸಿ ಅಳೆದಿತ್ತು, 1997ರಲ್ಲಿ ಇನ್ನೊಂದು ಅಳೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಹೀರುವ ತರಂಗಗಳಲ್ಲಿಯೇ ಹೊರಹೋಗುವ ಕಿರಣ ಕಡಿಮೆಯಾಗಿದೆ. ಬಾಗಿಲು ಎಲ್ಲಿ ಮುಚ್ಚಬೇಕಿತ್ತೋ ಅಲ್ಲಿಯೇ ಮುಚ್ಚಿದೆ.

ನಿವೃತ್ತ ಎಂಜಿನಿಯರ್, ಮೈಸೂರು

ಅನಿಲ ಶಾಖ ಹೀರುತ್ತದೆ ಎಂಬುದು ಒಪ್ಪಿತ. ಆದರೆ ಅದು ನಮ್ಮ ಹೊಗೆಯೇ ಎಂದು ಹೇಳಿದವರು ಯಾರು? ಜ್ವಾಲಾಮುಖಿಗಳಿವೆ, ಸಮುದ್ರವಿದೆ. ಅನಿಲದ ಮೇಲೆ ಹೆಸರು ಬರೆದಿರುವುದಿಲ್ಲವಲ್ಲ.

ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ

ಬರೆದಿರುತ್ತದೆ ಸರ್. ನನ್ನ ವಿಷಯಕ್ಕೆ ಬಂದಿರಿ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪರಮಾಣುವಿನ ತೂಕದ ಮೇಲೆ ಇಂಗಾಲದಲ್ಲಿ ಮೂರು ಬಗೆ: 12, 13 ಮತ್ತು 14. ಇಂಗಾಲ-14 ವಿಕಿರಣಶೀಲ, ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಕಲ್ಲಿದ್ದಲು, ಪೆಟ್ರೋಲ್ ಕೋಟ್ಯಂತರ ವರ್ಷ ನೆಲದಡಿ ಬಿದ್ದಿದ್ದ ಸರಕು. ಅವುಗಳಲ್ಲಿ ಇಂಗಾಲ-14 ಹುಡುಕಿದರೂ ಸಿಗದು. ಅಂಥ ಇಂಗಾಲ ಗಾಳಿಗೆ ಸೇರಿದಷ್ಟೂ ಗಾಳಿಯಲ್ಲಿನ 14ರ ಪಾಲು ತೆಳುವಾಗಬೇಕು. 1950ರ ದಶಕದಲ್ಲಿ ಹ್ಯಾನ್ಸ್ ಸೂಸ್ ಮರಗಳ ವಾರ್ಷಿಕ ಉಂಗುರಗಳಲ್ಲಿ ಇದನ್ನೇ ಕಂಡರು. ಆಮೇಲೆ ಅಣುಬಾಂಬ್ ಪರೀಕ್ಷೆಗಳು ಇಂಗಾಲ-14ನ್ನು ಧಾರಾಳವಾಗಿ ಸುರಿದು ಆ ಲೆಕ್ಕವನ್ನು ಗೋಜಲು ಮಾಡಿದವು ಎನ್ನಿ. ಆದರೆ ಇಂಗಾಲ-13ರ ಲೆಕ್ಕ ಕೆಡಲಿಲ್ಲ. ಸಸ್ಯಗಳು ಹಗುರವಾದ 12ನ್ನು ಹೆಚ್ಚು ಆರಿಸಿಕೊಳ್ಳುತ್ತವೆ. ಕಲ್ಲಿದ್ದಲೂ ಒಂದು ಕಾಲದ ಸಸ್ಯವೇ, ಅದರಲ್ಲಿ 13 ಕಡಿಮೆ. ಈಗ ಗಾಳಿಯಲ್ಲಿ 13ರ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಜ್ವಾಲಾಮುಖಿಯ ಅನಿಲ ಹೀಗೆ ಇಳಿಸಲಾರದು. ಅಲ್ಲದೆ ಎಲ್ಲ ಜ್ವಾಲಾಮುಖಿಗಳೂ ಸೇರಿ ಉಗುಳುವುದು ನಾವು ಉಗುಳುವುದರಲ್ಲಿ ಶೇ 1ಕ್ಕಿಂತ ಕಡಿಮೆ.

ಇನ್ನು ಸಮುದ್ರ. ಸಮುದ್ರವೇ ಬಿಡುತ್ತಿದ್ದರೆ ಅದರಲ್ಲಿ ಇಂಗಾಲ ತಗ್ಗಬೇಕಿತ್ತು. ನಡೆದಿರುವುದು ಉಲ್ಟಾ: ಸಮುದ್ರದ ನೀರು ಇಂಗಾಲ ಹೀರಿ ಹೀರಿ ಆಮ್ಲದ ಕಡೆಗೆ ಸರಿಯುತ್ತಿದೆ. ನಾವು ಬಿಟ್ಟದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಸಮುದ್ರ, ಕಾಡು, ಮಣ್ಣು ನುಂಗಿಕೊಂಡಿವೆ. ಗಾಳಿಯಲ್ಲಿ ಉಳಿದದ್ದು ಮಿಕ್ಕ ಅರ್ಧ ಮಾತ್ರ.

ಮಕ್ಕಳಿಗೆ ಹೇಳಲು ನನಗೆ ಇಷ್ಟವಾದ ಸಾಕ್ಷಿ ಆಮ್ಲಜನಕದ್ದು. ಒಂದು ಲೀಟರ್ ಡೀಸೆಲ್ ತೂಗುವುದು ಸುಮಾರು 830 ಗ್ರಾಂ. ಉರಿದ ಮೇಲೆ ಅದರಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ 2.6 ಕಿಲೋಗ್ರಾಂಗೂ ಹೆಚ್ಚು. ಆ ಹೆಚ್ಚುವರಿ ತೂಕ ಎಲ್ಲಿಂದ ಬಂತು ಎಂದು ಕೇಳಿ ನೋಡಿ, ತರಗತಿ ಒಂದು ನಿಮಿಷ ಸುಮ್ಮನಾಗುತ್ತದೆ. ಗಾಳಿಯ ಆಮ್ಲಜನಕ ಅದಕ್ಕೆ ಅಂಟಿಕೊಂಡಿದೆ. ಅಂದರೆ ಸುಡುವಿಕೆಯೇ ಕಾರಣವಾಗಿದ್ದರೆ ಗಾಳಿಯಲ್ಲಿ ಆಮ್ಲಜನಕ ಇಳಿಯುತ್ತಿರಬೇಕು. ರಾಲ್ಫ್ ಕೀಲಿಂಗ್ 1980ರ ದಶಕದ ಕೊನೆಯಿಂದ ಅಳೆಯುತ್ತಿದ್ದಾರೆ, ಇಳಿಯುತ್ತಿದೆ. ಉಸಿರಾಡಲು ತೊಂದರೆಯಾಗುವಷ್ಟು ಅಲ್ಲ, ಹೆದರಬೇಡಿ. ಲೆಕ್ಕಕ್ಕೆ ಸಿಗುವಷ್ಟು.

ಶಿರಸಿ ಕಡೆಯ ತೋಟಿಗ

ಮೇಡಂ, ಡೀಸೆಲ್ ಲೆಕ್ಕ ಓದಿ ಪವರ್ ಟಿಲ್ಲರ್ ಕಡೆ ನೋಡುವ ಮನಸ್ಸಾಗುತ್ತಿಲ್ಲ.

ನಿವೃತ್ತ ಎಂಜಿನಿಯರ್, ಮೈಸೂರು

ಆಮ್ಲಜನಕದ ಮಾತು ನನಗೆ ಹೊಸದು, ಸಮಾಧಾನವಾಯಿತು. ಸರಿ, ಅನಿಲ ನಮ್ಮದೇ. ಆದರೂ ಬಿಸಿಗೆ ಸೂರ್ಯ ಕಾರಣವಲ್ಲ ಎಂಬುದು ಇನ್ನೂ ಸಿದ್ಧವಾಗಿಲ್ಲ. ಇಬ್ಬರು ಒಂದೇ ಹೊತ್ತಿಗೆ ಮನೆಯಲ್ಲಿದ್ದರು ಎಂದ ಮಾತ್ರಕ್ಕೆ ಕಳ್ಳತನ ಒಬ್ಬನ ತಲೆಗೆ ಕಟ್ಟಲಾಗದು.

ಪುಣೆಯ ಸಂಶೋಧನಾ ವಿದ್ಯಾರ್ಥಿನಿ

ಮೇಷ್ಟ್ರು ಕೇಳಿದ್ದು ಇದನ್ನೇ. ಭೂಮಿ ಎಷ್ಟು ಬಿಸಿಯಾಯಿತು ಎಂಬುದಕ್ಕಿಂತ ಎಲ್ಲೆಲ್ಲಿ, ಯಾವ ಹೊತ್ತಿನಲ್ಲಿ ಬಿಸಿಯಾಯಿತು ಎಂಬುದನ್ನು ನೋಡಿದರೆ ಕಾರಣ ಸಿಕ್ಕಿಬೀಳುತ್ತದೆ.

ಸೂರ್ಯನ ಪ್ರಖರತೆಯನ್ನು ಉಪಗ್ರಹಗಳು 1978ರಿಂದ ಅಳೆಯುತ್ತಿವೆ. ಹನ್ನೊಂದು ವರ್ಷದ ಏರಿಳಿತವಿದೆ, ಅದು ಸುಮಾರು ಶೇ 0.1ರಷ್ಟು. ಅದನ್ನು ಬಿಟ್ಟರೆ ಏರುಮುಖವಿಲ್ಲ. ಭೂಮಿ ಹೆಚ್ಚು ಬಿಸಿಯಾದದ್ದು ಇದೇ ಅವಧಿಯಲ್ಲಿ. ಸೂರ್ಯನೇ ಕಾರಣವಾಗಿದ್ದರೆ ಹಗಲು ಹೆಚ್ಚು ಕಾಯಬೇಕಿತ್ತು. ಆದರೆ ಜಗತ್ತಿನ ಒಟ್ಟು ಲೆಕ್ಕದಲ್ಲಿ ಕಳೆದ ಶತಮಾನದಲ್ಲಿ ಹಗಲಿಗಿಂತ ರಾತ್ರಿಗಳು ಹೆಚ್ಚು ಬೆಚ್ಚಗಾಗಿವೆ. ರಾತ್ರಿ ಸೂರ್ಯನಿರುವುದಿಲ್ಲ, ಹೊರಹೋಗಲು ಹವಣಿಸುವ ಶಾಖ ಇರುತ್ತದೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮೇಲಿನ ಗಾಳಿಯಲ್ಲಿದೆ. ಪಠ್ಯಪುಸ್ತಕದಲ್ಲಿ ಬರುವ ಸಮೋಷ್ಣ ಮಂಡಲವನ್ನು, ಅಂದರೆ ನಾವಿರುವ ಗಾಳಿಪದರದ ಮೇಲಿನ ಪದರವನ್ನು ನೆನಪಿಸಿಕೊಳ್ಳಿ. ಸೂರ್ಯ ಹೆಚ್ಚು ಉರಿದಿದ್ದರೆ ಕೆಳಗಿನ ಗಾಳಿಯ ಜೊತೆ ಅದೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗಿದೆ. ಚಳಿಗೆ ಕಂಬಳಿ ಹೊದ್ದವನ ಮೈ ಬೆಚ್ಚಗಿದ್ದರೂ ಕಂಬಳಿಯ ಹೊರಮೈ ತಣ್ಣಗಿರುತ್ತದಲ್ಲ, ಸುಮಾರಾಗಿ ಹಾಗೆ. ಹೋಲಿಕೆ ಪೂರ್ತಿ ಒಪ್ಪುವಂಥದ್ದಲ್ಲ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶಾಖವನ್ನು ನೇರವಾಗಿ ಬಾಹ್ಯಾಕಾಶಕ್ಕೆ ಸೂಸಿಬಿಡುತ್ತದೆ, ಅನಿಲ ಹೆಚ್ಚಿದಷ್ಟೂ ತಂಪು. ಓಝೋನ್ ನಾಶದಿಂದಲೂ ಆ ಪದರದ ಕೆಳಭಾಗ ಸ್ವಲ್ಪ ತಣ್ಣಗಾಗಿದೆ. ಆದರೆ ಅದರ ಮೇಲ್ಭಾಗದ ತಂಪಿಗೆ ಮುಖ್ಯ ಕಾರಣ ಇದೇ ಅನಿಲ.

ಇದನ್ನು ಘಟನೆ ನಡೆದ ಮೇಲೆ ಹೊಂದಿಸಿಕೊಂಡ ವಿವರಣೆ ಎನ್ನುವಂತಿಲ್ಲ. ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿಯೇ, ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕೆಳಗೆ ಬಿಸಿ, ಮೇಲೆ ತಂಪು ಎಂದು ಲೆಕ್ಕ ಹಾಕಿ ಪ್ರಕಟಿಸಿದ್ದರು. ಆಗ ಅದನ್ನು ಅಳೆಯುವ ಉಪಗ್ರಹಗಳೇ ಇರಲಿಲ್ಲ. ಮನಾಬೆಯವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಹೈಸ್ಕೂಲ್ ಮೇಷ್ಟ್ರು, ತುಮಕೂರು ಜಿಲ್ಲೆ

ಇದು ನನಗೆ ಬೇಕಾಗಿದ್ದ ಉತ್ತರ. ಹಿಂದಿನ ಬೆಂಚಿನವನಿಗೆ ಸಾಕು. ಆದರೂ ಎಂಜಿನಿಯರ್ ಸಾಹೇಬರ ಉಷ್ಣಮಾಪಕದ ತಕರಾರನ್ನು ಹಾಗೇ ಬಿಡುವುದು ಬೇಡ, ನಮ್ಮ ಶಾಲೆಯಲ್ಲೇ ಸಹೋದ್ಯೋಗಿಗಳು ಅದನ್ನೇ ಎತ್ತುತ್ತಾರೆ.

ಪುಣೆಯ ಸಂಶೋಧನಾ ವಿದ್ಯಾರ್ಥಿನಿ

ಊರಿನ ಬಿಸಿ ಎಂಬುದು ನಿಜ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. ಅದರಲ್ಲಿ ಕೆರೆ ಮುಚ್ಚಿದ್ದರ, ಮರ ಕಡಿದದ್ದರ ಪಾಲು ಖಂಡಿತ ಇದೆ. ಆದರೆ ಭೂಮಿಯ ಮುಕ್ಕಾಲು ಪಾಲು ನೀರು. ಸಮುದ್ರದ ಮೇಲೆ ಬಡಾವಣೆ ಇಲ್ಲ, ಅದೂ ಬಿಸಿಯಾಗಿದೆ. ಹೆಚ್ಚುವರಿ ಶಾಖದ ಶೇ 90ರಷ್ಟು ಹೋಗಿ ಸೇರಿರುವುದೇ ಅಲ್ಲಿಗೆ. ಆರ್ಗೊ ಎಂಬ ಹೆಸರಿನ ಸುಮಾರು ನಾಲ್ಕು ಸಾವಿರ ತೇಲು ಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಎರಡು ಸಾವಿರ ಮೀಟರ್ ಆಳಕ್ಕೆ ಇಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು, ಅಳತೆಯನ್ನು ಉಪಗ್ರಹಕ್ಕೆ ಕಳಿಸುತ್ತವೆ. ಭಾರತದ ಪಾಲಿನ ಕೆಲಸವನ್ನು ಹೈದರಾಬಾದಿನ ಇನ್‌ಕಾಯ್ಸ್ ನೋಡಿಕೊಳ್ಳುತ್ತದೆ.

ಎಂಜಿನಿಯರ್ ಸರ್, ನಿಮ್ಮಂತೆಯೇ ಸಂಶಯಪಟ್ಟವರು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್. ಬರ್ಕ್ಲಿ ಅರ್ಥ್ ಎಂಬ ತಂಡ ಕಟ್ಟಿ ಹಳೆಯ ದಾಖಲೆಗಳನ್ನೆಲ್ಲ ಮೊದಲಿನಿಂದ ಜಾಲಾಡಿದರು. ಅವರಿಗೆ ಬಂದ ಹಣದಲ್ಲಿ ತೈಲೋದ್ಯಮಿ ಕುಟುಂಬವೊಂದರ ಪ್ರತಿಷ್ಠಾನದ್ದೂ ಇತ್ತು. ಹಳ್ಳಿಗಾಡಿನ ಕೇಂದ್ರಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೂ ಏರಿಕೆ ಅಷ್ಟೇ ಬಂತು. 2012ರಲ್ಲಿ ಅವರು ಅದನ್ನು ಬಹಿರಂಗವಾಗಿ ಬರೆದರು.

ಹಿಮಯುಗದ ಪ್ರಶ್ನೆಯೂ ಉಳಿದಿದೆ. ಭೂಮಿಯ ಕಕ್ಷೆ ಮತ್ತು ಓಲು ಸಾವಿರಾರು ವರ್ಷಗಳಲ್ಲಿ ಬದಲಾಗುವುದರಿಂದ ಹಿಮಯುಗಗಳು ಬಂದುಹೋಗುತ್ತವೆ. ಆ ಗಡಿಯಾರ ಬಹಳ ನಿಧಾನ. ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಎಂಟು ಲಕ್ಷ ವರ್ಷಗಳ ಕಥೆ ಹೇಳುತ್ತವೆ. ಅಷ್ಟು ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 180ರಿಂದ 300 ಭಾಗಗಳ ನಡುವೆಯೇ ಆಡಿತ್ತು. ಕೈಗಾರಿಕಾ ಕ್ರಾಂತಿಗೆ ಮುಂಚೆ 280 ಇತ್ತು. 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರು ಮಾಡಿದಾಗ 315. 2024ರ ಸರಾಸರಿ 420ನ್ನು ದಾಟಿದೆ. (ಮೇಡಂ ಹೇಳಿದ ರಾಲ್ಫ್ ಕೀಲಿಂಗ್ ಇವರ ಮಗ. ಅಪ್ಪ ಇಂಗಾಲ ಅಳೆದರು, ಮಗ ಆಮ್ಲಜನಕ.)

ಗದಗದ ಮಳೆಯಾಶ್ರಿತ ರೈತ

ಡೋಗಿ ಬರದ ಮಾತು ಬಂತು, ಅದಕ್ಕೆ ನಾನೂ ಒಂದು ಮಾತು ಸೇರಿಸುತ್ತೇನೆ. ಬರ ನಮಗೆ ಹೊಸದಲ್ಲ. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು) ಬಂದ ವರ್ಷ ಮುಂಗಾರು ಕೈಕೊಡುವ ಸಂಭವ ಹೆಚ್ಚು, 1876ರಲ್ಲಿ ಶುರುವಾದ ಆ ಬರದ ಕಾಲದಲ್ಲಿ, 1877ರಲ್ಲಿ, ಪ್ರಬಲ ಎಲ್ ನಿನೊ ಇತ್ತು. 2023ರಲ್ಲಿಯೂ ಎಲ್ ನಿನೊ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಬರ ಹಳೆಯದು, ಅದರ ಜೊತೆಗೆ ಬರುವ ಬಿಸಿ ಹೊಸದು. ಅದೇ ಮಳೆ ಕೊರತೆಗೆ ಈಗ ನೆಲದ ತೇವ ಬೇಗ ಆರುತ್ತದೆ. ಹೆಸರು ಹೂ ಕಟ್ಟುವ ಹೊತ್ತಿಗೆ ಒಂದು ವಾರ ಮಳೆ ಹಿಂದೆ ಸರಿದರೆ ಮೊದಲು ಬೆಳೆ ಬಾಡಿ ಮತ್ತೆ ಚೇತರಿಸಿಕೊಳ್ಳುತ್ತಿತ್ತು, ಈಗ ಹೂವೇ ಉದುರುತ್ತದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತಿದ್ದರು ಹಿರಿಯರು. ಈಗ ಮಘೆ ಒಂದೇ ರಾತ್ರಿ ಉಣ್ಣಲು ಕೂರುತ್ತದೆ, ಒಡ್ಡು ಒಡೆದು ಮಣ್ಣು ಹಳ್ಳಕ್ಕೆ ಹೋಗುತ್ತದೆ.

ಶಿರಸಿ ಕಡೆಯ ತೋಟಿಗ

ನಮ್ಮಲ್ಲಿ ತಕರಾರು ಇದಕ್ಕೆ ತಿರುಗಾಮುರುಗಾ. ಅಡಿಕೆಗೆ ಕೊಳೆರೋಗ ಬಾರದಂತೆ ಮುಂಗಾರು ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಸಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯದು. ಆ ಎರಡನೆಯದಕ್ಕೆ ಮಳೆ ಬಿಡುವು ಕೊಟ್ಟು ಹೊಳವಾಗಬೇಕು. ಮರ ಒದ್ದೆಯಿದ್ದರೆ ಕೊನೆಗೌಡ ಏರುವುದಿಲ್ಲ, ಏರಿ ಹೊಡೆದರೂ ಔಷಧಿ ತೊಳೆದುಹೋಗುತ್ತದೆ. ಈಚೆಗೆ ಹೊಳವು ಸಿಗುವುದೇ ಲಾಟರಿಯಾಗಿದೆ. ಜೂನ್ ತಿಂಗಳು ಒಣಗುತ್ತದೆ, ಜುಲೈ ಕೊನೆಗೆ ಶುರುವಾದದ್ದು ಬಿಡುವುದೇ ಇಲ್ಲ. ಹಳಬರು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು, ಈಗ ಅದನ್ನು ಕಟ್ಟುವ ಕೈಗಳಿಲ್ಲ. ಇದೂ ಜಾಗತಿಕ ತಾಪಮಾನವೇ, ತಂಗಿ? ಹೌದಾದರೆ ಹೌದೆನ್ನು, ಅಲ್ಲವಾದರೆ ಅಲ್ಲ.

ಪುಣೆಯ ಸಂಶೋಧನಾ ವಿದ್ಯಾರ್ಥಿನಿ

ಅಣ್ಣ, ನಿಮ್ಮ ತೋಟದ ಒಂದು ವರ್ಷದ ಕೊಳೆಗೆ ಇದೇ ಕಾರಣ ಎಂದು ನಾನು ಹೇಳಿದರೆ ಅದು ಕಣಿ ಹೇಳಿದಂತಾಗುತ್ತದೆ. ಹೇಳಬಹುದಾದದ್ದು ಇಷ್ಟು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಿಡಿದದ್ದನ್ನು ಸುರಿಸುವಾಗ ಜೋರಾಗಿ ಸುರಿಸುತ್ತದೆ. ನಮ್ಮ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಮಧ್ಯಭಾರತದಲ್ಲಿ ವಿಸ್ತಾರವಾದ ಪ್ರದೇಶದ ಮೇಲೆ ಬೀಳುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಅದಕ್ಕೆ ತೇವ ಒದಗಿಸುತ್ತಿರುವುದು ಹೆಚ್ಚಾಗಿ ಅರಬ್ಬೀ ಸಮುದ್ರ. ಒಟ್ಟು ಮುಂಗಾರು ಮಳೆ ಮಾತ್ರ 1951ರಿಂದ 2015ರ ನಡುವೆ ದೇಶದಲ್ಲಿ ಸುಮಾರು ಶೇ 6ರಷ್ಟು ತಗ್ಗಿದೆ. ಕಡಿಮೆ ಮಳೆ, ಜೋರು ಮಳೆ ಎರಡೂ ಒಟ್ಟಿಗೆ. ಗದಗದವರು ಹೇಳಿದ್ದೂ ನೀವು ಹೇಳಿದ್ದೂ ಒಂದೇ ಚಿತ್ರದ ಎರಡು ಮಗ್ಗುಲು.

ಕಾರಣದ ಪಾಲನ್ನು ಅಳೆಯುವ ಕೆಲಸವೂ ಈಗ ನಡೆಯುತ್ತದೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದ ದಿನದ ಮಳೆಯನ್ನು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ, ಬಿಸಿಯಾಗದ ಭೂಮಿಯಲ್ಲಿ ಬೀಳುತ್ತಿದ್ದುದಕ್ಕಿಂತ ಅದು ಸುಮಾರು ಶೇ 10ರಷ್ಟು ಹೆಚ್ಚು ಎಂದಿತು. ಉಳಿದ ಮಳೆ ಹೇಗೂ ಬೀಳುತ್ತಿತ್ತು. ಗುಡ್ಡದ ಇಳಿಜಾರನ್ನು ನಾವು ಏನು ಮಾಡಿದ್ದೇವೆ ಎಂಬುದು ಬೇರೆಯದೇ ಖಾತೆ.

ಕುಂದಾಪುರದವಳು

ಆ ಬೇರೆ ಖಾತೆಯ ಬಗ್ಗೆ ನಾನು ಹೇಳಲೇಬೇಕು. ಕಡಲ್ಕೊರೆತವಾದಾಗಲೆಲ್ಲ ಸಮುದ್ರ ಮಟ್ಟ ಏರಿತು ಎಂದು ಭಾಷಣ ಮಾಡುವವರಿದ್ದಾರೆ. 1901ರಿಂದ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ನಿಜ, ಈಗ ಏರುವ ವೇಗವೂ ಹೆಚ್ಚು. ಆದರೆ ಒಂದೇ ಮಳೆಗಾಲದಲ್ಲಿ ತೆಂಗಿನ ಸಾಲು ಕೊಚ್ಚಿಹೋಗುವುದಕ್ಕೆ ಮರಳಿನ ಓಟವನ್ನು ತಡೆಯುವ ಕಲ್ಲಿನ ತಡೆಗೋಡೆಗಳು, ಅಳಿವೆಯ ಬಳಿಯ ಮರಳುಗಾರಿಕೆ ಕೂಡ ಕಾರಣ. ಎಲ್ಲವನ್ನೂ ಭೂಮಿಯ ಬಿಸಿಯ ತಲೆಗೆ ಕಟ್ಟಿದರೆ ಗುತ್ತಿಗೆದಾರರಿಗೆ ಹಬ್ಬ. ಬಿಸಿಯ ಪಾಲು ಎದ್ದು ಕಾಣುವುದು ಚಂಡಮಾರುತಗಳಲ್ಲಿ. ಅವೆಲ್ಲ ಬಂಗಾಳ ಕೊಲ್ಲಿಯವರ ಪಾಡು ಎಂದುಕೊಂಡಿದ್ದೆವು. 2017ರಲ್ಲಿ ಒಖಿ, 2021ರ ಮೇನಲ್ಲಿ ತೌಕ್ತೆ, 2023ರಲ್ಲಿ ಬಿಪರ್‌ಜಾಯ್. ತೌಕ್ತೆ ನಮ್ಮ ಕರಾವಳಿಯನ್ನು ಸವರಿಕೊಂಡೇ ಹೋಯಿತು.

ನಿರ್ವಾಹಕ

ಯಾವ ಪಕ್ಷದ ಸರ್ಕಾರದಲ್ಲಿ ಎಷ್ಟು ಮರ ಕಡಿದರು ಎಂಬ ಜಗಳದ ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಅದಕ್ಕೆ ಬೇರೆ ಎಳೆ ತೆರೆಯಿರಿ.

ಬೆಂಗಳೂರಿನ ಟೆಕ್ಕಿ

ಎಲ್ಲ ಓದಿದೆ. ಭಾರತೀಯ ತಲಾ ಬಿಡುವ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು ಎರಡು ಟನ್, ಅಮೆರಿಕದವನು ಹದಿನಾಲ್ಕರ ಆಸುಪಾಸು. ಇದುವರೆಗೆ ಗಾಳಿಗೆ ಸೇರಿದ ಒಟ್ಟು ಇಂಗಾಲದಲ್ಲಿ ಸುಮಾರು ಕಾಲು ಭಾಗ ಅವರದೇ. ತುಮಕೂರಿನ ಮಕ್ಕಳಿಗೆ 'ಮನುಷ್ಯ ಕಾರಣ' ಎಂದು ಕಲಿಸುವುದು ಅನ್ಯಾಯವಲ್ಲವೇ? ಯಾವ ಮನುಷ್ಯ?

ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ

ನ್ಯಾಯವಾದ ಮಾತು, ಅದನ್ನೂ ಪಾಠದಲ್ಲಿ ಸೇರಿಸಬೇಕು. ಜೊತೆಗೆ ಇದನ್ನೂ ಸೇರಿಸಿ: ರಾಯಚೂರಿನ ಶಾಖೋತ್ಪನ್ನ ಸ್ಥಾವರದ ವಿದ್ಯುತ್ತಿನಲ್ಲಿ ಗದಗದ ರೈತನಿಗೂ ವೈಟ್‌ಫೀಲ್ಡ್‌ನ ಕಚೇರಿಗೂ ಸಮಪಾಲಿಲ್ಲ. ಸರಾಸರಿಯ ಎರಡು ಟನ್ ಯಾರದು ಎಂದು ನೀವೂ ಒಮ್ಮೆ ಲೆಕ್ಕ ಹಾಕಿ.

ಹೈಸ್ಕೂಲ್ ಮೇಷ್ಟ್ರು, ತುಮಕೂರು ಜಿಲ್ಲೆ

ಒಂದು ಪ್ರಯೋಗ ಮಾಡಿ ತೋರಿಸೋಣವೆಂದಿದ್ದೇನೆ. ಎರಡು ಬಾಟಲಿ, ಒಂದರಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿ ಬರುವ ಅನಿಲ, ಎರಡಕ್ಕೂ ಬಲ್ಬಿನ ಬೆಳಕು, ಒಳಗೆ ಉಷ್ಣಮಾಪಕ.

ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ

ಅದನ್ನು ಮಾಡಬೇಡಿ ಮೇಷ್ಟ್ರೇ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಬಾಟಲಿಯ ತಳದಲ್ಲಿ ಕೂತು, ಬಿಸಿಗಾಳಿ ಮೇಲಿನ ಗಾಳಿಯೊಡನೆ ಬೆರೆಯುವುದನ್ನು ತಡೆಯುತ್ತದೆ. ಉಷ್ಣಮಾಪಕ ಏರುವುದು ಬಹುಪಾಲು ಅದರಿಂದ. ಸರಿಯಾದ ಫಲಿತಾಂಶ, ತಪ್ಪು ಕಾರಣ. ಅದರ ಬದಲು ಮೌನಾ ಲೋವಾದ ತಿಂಗಳುವಾರು ಅಂಕಿಗಳನ್ನು ಮಕ್ಕಳಿಂದ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಸಿ. ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ: ಮೇ ತಿಂಗಳಲ್ಲಿ ತುದಿ, ಸೆಪ್ಟೆಂಬರ್ ಹೊತ್ತಿಗೆ ಇಳಿತ. ಏಕೆಂದರೆ ಭೂಮಿಯ ಕಾಡುಗಳು ಹೆಚ್ಚಾಗಿ ಉತ್ತರಾರ್ಧದಲ್ಲಿವೆ, ಅಲ್ಲಿ ಬೇಸಿಗೆಯಲ್ಲಿ ಎಲೆ ಚಿಗುರಿದಾಗ ಅನಿಲ ಹೀರಿಕೊಳ್ಳುತ್ತವೆ. ಹಲ್ಲುಗಳ ಸಾಲು ವರ್ಷದಿಂದ ವರ್ಷಕ್ಕೆ ಮೇಲೇರುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ನಿವೃತ್ತ ಎಂಜಿನಿಯರ್, ಮೈಸೂರು

ಗ್ರಾಫ್ ಒಳ್ಳೆಯ ಉಪಾಯ. ನನಗೆ ಕಡೆಯದೊಂದು ಪ್ರಶ್ನೆ. ಎಂಜಿನಿಯರ್‌ಗೆ 'ಬಿಸಿಯಾಗುತ್ತದೆ' ಎಂಬ ಉತ್ತರ ಸಾಲದು, ಎಷ್ಟು ಎಂದು ಹೇಳಬೇಕು. ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಎಷ್ಟು ಡಿಗ್ರಿ?

ಪುಣೆಯ ಸಂಶೋಧನಾ ವಿದ್ಯಾರ್ಥಿನಿ

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೀನಿಯಸ್ ಕೈಯಲ್ಲೇ ಲೆಕ್ಕ ಮಾಡಿ ಐದಾರು ಡಿಗ್ರಿ ಎಂದಿದ್ದರು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿಯ ಉತ್ತರ 3 ಡಿಗ್ರಿ, ಆಚೀಚೆ 2.5ರಿಂದ 4. ಇಷ್ಟು ಅಂತರ ಇನ್ನೂ ಉಳಿದಿರುವುದು ಮುಖ್ಯವಾಗಿ ಮೋಡಗಳಿಂದ. ಕೆಳಮಟ್ಟದ ದಟ್ಟ ಮೋಡ ಬಿಸಿಲನ್ನು ವಾಪಸು ಕಳಿಸುತ್ತದೆ, ಎತ್ತರದ ತೆಳುಮೋಡ ಶಾಖವನ್ನು ಹಿಡಿದಿಡುತ್ತದೆ. ಭೂಮಿ ಬಿಸಿಯಾದಂತೆ ಯಾವುದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ ಬಿಗಿಯಾಗಿಲ್ಲ. ಇನ್ನೊಂದು ತೊಡಕು ಹೊಗೆಯ ಕಣಗಳದ್ದು. ಅವು ಬಿಸಿಲನ್ನು ಚದುರಿಸಿ ಒಂದಿಷ್ಟು ತಂಪು ಮಾಡುತ್ತವೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಸಿಡಿದಾಗ ಮರುವರ್ಷ ಜಗತ್ತು ಅರ್ಧ ಡಿಗ್ರಿಯಷ್ಟು ತಣ್ಣಗಾಯಿತು. ಭಾರತ 1901ರಿಂದ 2018ರ ಅವಧಿಯಲ್ಲಿ 0.7 ಡಿಗ್ರಿಯಷ್ಟೇ ಏರಿದ್ದಕ್ಕೆ ನಮ್ಮ ಕೊಳಕು ಗಾಳಿಯೂ ಒಂದು ಕಾರಣ. ಗಾಳಿ ಶುಚಿಯಾದರೆ ಆ ಮರೆಯೂ ಸರಿಯುತ್ತದೆ.

ನಿವೃತ್ತ ಎಂಜಿನಿಯರ್, ಮೈಸೂರು

ಅಂದರೆ ಮೋಡದ ಲೆಕ್ಕ ಬಗೆಹರಿಯುವವರೆಗೆ ನನ್ನ ತಕರಾರು ಒಂದಿಷ್ಟು ಉಳಿಯಿತು ಎಂದಾಯಿತು.

ಪುಣೆಯ ಸಂಶೋಧನಾ ವಿದ್ಯಾರ್ಥಿನಿ

ಉಳಿಯಿತು ಸರ್. ಆದರೆ ಅದು 2.5ರಿಂದ 4ರ ನಡುವಿನ ತಕರಾರು. ಸೊನ್ನೆ ಆ ಪಟ್ಟಿಯಲ್ಲಿಲ್ಲ.